ಎತ್ತರ ಇದ್ದರೆ ಸಾಕಾ? ವೆಂಬನ್ಯಾಮಾ ಬೆಳೆದು ಬಂದ ದಾರಿ

ಪ್ರಶ್ನೆ: ನನ್ನ ಮಗನಿಗೆ 13 ವರ್ಷ. ಈಗಲೇ 6 ಅಡಿ ಇದ್ದಾನೆ. ಬಾಸ್ಕೆಟ್‌ಬಾಲ್ ಬಿಟ್ಟರೆ ಬೇರೆ ಮಾತೇ ಇಲ್ಲ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಆಟಗಾರ ವಿಕ್ಟರ್ ವೆಂಬನ್ಯಾಮಾ ಅಂದರೆ ಪ್ರಾಣ. ಆದರೆ ಇಲ್ಲಿ ಆಡುವಾಗ ಅವನನ್ನು ಯಾವಾಗಲೂ ರಿಂಗ್ ಕೆಳಗೇ ನಿಲ್ಲಿಸುತ್ತಾರೆ. "ಉದ್ದ ಇದ್ದೀಯ, ಕೈ ಎತ್ತಿ ನಿಂತ್ಕೋ ಸಾಕು" ಅಂತಾರಂತೆ. ಮನೆಯಲ್ಲಿ ಕೆಲವರು ಶಾಲೆ ಬಿಡಿಸಿ ದೊಡ್ಡ ಅಕಾಡೆಮಿಗೆ ಸೇರಿಸಿ ಅಂತ ಹೇಳುತ್ತಿದ್ದಾರೆ. ವೆಂಬನ್ಯಾಮಾ ಬರೀ ಎತ್ತರದಿಂದ ಮೇಲೆ ಬಂದವನಾ? ಅವನ ದಾರಿ ಹೇಗಿತ್ತು? ನಾವು ಏನು ಮಾಡಬೇಕು?
ಒಬ್ಬ ತಾಯಿ, ದಾವಣಗೆರೆ

ಉತ್ತರ:

ಬರೀ ಎತ್ತರದಿಂದ ಅಲ್ಲ. ಎತ್ತರ ಇಲ್ಲದಿದ್ದರೆ ಅವನ ಹೆಸರು ದಾವಣಗೆರೆ ತನಕ ಬರುತ್ತಿರಲಿಲ್ಲ ಅನ್ನೋದು ನಿಜ. 7 ಅಡಿ 4 ಇಂಚಿನ ಹುಡುಗ. ಎರಡೂ ಕೈ ಅಗಲಿಸಿದರೆ ತುದಿಯಿಂದ ತುದಿಗೆ ಸುಮಾರು 8 ಅಡಿ. ಆದರೆ ಏಳಡಿ ದಾಟಿದ ಆಟಗಾರರು ಎನ್‌ಬಿಎಗೆ ಹಿಂದೆಯೂ ಬಂದಿದ್ದಾರೆ. ಬಹಳ ಜನ ಕೆಲವೇ ವರ್ಷಗಳಲ್ಲಿ ಮರೆಯಾಗಿದ್ದಾರೆ. ಇವನ ವಿಷಯ ಬೇರೆ ಆಗಿದ್ದು ಸುತ್ತಲಿದ್ದ ದೊಡ್ಡವರಿಂದ. ಅವರು ಅವನನ್ನು ಅವಸರ ಮಾಡಲಿಲ್ಲ. ಬರೀ ಉದ್ದದ ಹುಡುಗ ಅಂತ ಮೂಲೆಗೆ ನಿಲ್ಲಿಸಲೂ ಇಲ್ಲ. ನಿಮ್ಮ ಪ್ರಶ್ನೆಯಲ್ಲಿ ಈ ಎರಡೂ ವಿಷಯ ಇರೋದರಿಂದ ಅವನ ಕಥೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹುಟ್ಟಿದ್ದು 2004ರ ಜನವರಿ 4ರಂದು, ಪ್ಯಾರಿಸ್ ಪಕ್ಕದ ಲ ಶೆನೆ ಎಂಬ ಊರಲ್ಲಿ. ವರ್ಸೇಲ್ಸ್ ಅರಮನೆಯ ಹತ್ತಿರದ ಜಾಗ. ಅಪ್ಪ ಫೆಲಿಕ್ಸ್ ಕಾಂಗೋ ಮೂಲದವರು, ಜಿಗಿತದ ಅಥ್ಲೀಟ್. ಅಮ್ಮ ಎಲೊಡಿ ಬಾಸ್ಕೆಟ್‌ಬಾಲ್ ಆಡಿದವರು, ಆಮೇಲೆ ಮಕ್ಕಳಿಗೆ ಕೋಚ್ ಆದವರು. ತಾಯಿಯ ತಂದೆಯೂ ಬಾಸ್ಕೆಟ್‌ಬಾಲ್ ಆಟಗಾರರೇ. ಅಕ್ಕ ಈವ್ ಕೂಡ ಇದೇ ಆಟದಲ್ಲಿ ಮುಂದುವರಿದಳು. ಅಂದರೆ ಮನೆಯಲ್ಲಿ ಈ ಆಟ ಗೊತ್ತಿತ್ತು. ಗೊತ್ತಿದ್ದೂ ಅವನನ್ನು ಮೊದಲ ದಿನದಿಂದ ಒಂದೇ ಆಟಕ್ಕೆ ಕಟ್ಟಿಹಾಕಲಿಲ್ಲ. ಚಿಕ್ಕವನಿದ್ದಾಗ ಜೂಡೋ ಕಲಿತ. ಫುಟ್‌ಬಾಲ್‌ನಲ್ಲಿ ಗೋಲ್‌ಕೀಪರ್ ಆಗಿದ್ದ. ಗೋಲ್‌ಕೀಪರ್ ಆದವನಿಗೆ ಚೆಂಡು ಎಲ್ಲಿಗೆ ಬರುತ್ತೆ ಅನ್ನೋ ಅಂದಾಜು ಬರುತ್ತೆ. ಜೂಡೋದಲ್ಲಿ ಬೀಳೋದನ್ನು ಕಲಿಸುತ್ತಾರೆ. ಉದ್ದದ ಮಕ್ಕಳಿಗೆ ಸರಿಯಾಗಿ ಬೀಳೋದು ಗೊತ್ತಿರಬೇಕು. ಅವರು ಬಿದ್ದರೆ ಎತ್ತರದಿಂದ ಬೀಳುತ್ತಾರೆ.

ಹತ್ತನೇ ವಯಸ್ಸಿಗೆ ಆರಡಿ ಹತ್ತಿರ ಬಂದಿದ್ದ. ಒಂದು ಪಂದ್ಯದಲ್ಲಿ ಬೆಂಚಿನ ಮೇಲೆ ಕೂತಿದ್ದ ಇವನನ್ನು ಎದುರು ತಂಡದವರು ಸಹಾಯಕ ಕೋಚ್ ಅಂದುಕೊಂಡಿದ್ದರಂತೆ. ಆ ಎದುರು ತಂಡ ನಾಂತೇರ್ 92. ಪ್ಯಾರಿಸ್ ಪಶ್ಚಿಮದ ಒಂದು ಉಪನಗರದ ಕ್ಲಬ್, ತುಂಬಾ ದೊಡ್ಡದೇನಲ್ಲ. ಆದರೆ ಎಳೆಯ ಮಕ್ಕಳನ್ನು ಬೆಳೆಸೋದರಲ್ಲಿ ಒಳ್ಳೆ ಹೆಸರಿದೆ. ಅವನನ್ನು ಕರೆಸಿಕೊಂಡರು. 14 ತುಂಬೋ ಹೊತ್ತಿಗೆ ಬಾರ್ಸಿಲೋನಾದಂಥ ಕ್ಲಬ್ ಕಣ್ಣು ಹಾಕಿತ್ತು. 2018ರಲ್ಲಿ ಅವರ ಪರವಾಗಿ ಒಂದು ಕಿರಿಯರ ಟೂರ್ನಿ ಆಡಿಯೂ ಬಂದ. ಆದರೆ ಅಲ್ಲಿಗೆ ಹೋಗಿ ನೆಲೆಸಲಿಲ್ಲ. ಮನೆಗೆ ಹತ್ತಿರವಿದ್ದ, ತನ್ನನ್ನು ಬಲ್ಲ ಕ್ಲಬ್ಬಿನಲ್ಲೇ ಉಳಿದ. ನಿಮ್ಮ ಮನೆಯವರಿಗೆ ಈ ಸಂಗತಿ ದಯವಿಟ್ಟು ಓದಿ ಹೇಳಿ.

ಈಗ ನಿಮ್ಮ ಮಗನ ದೂರಿಗೆ ಬರುತ್ತೇನೆ. ಅವನು ಸುಮ್ನೆ ಗೊಣಗುತ್ತಿಲ್ಲ. ಉದ್ದದ ಹುಡುಗ ಸಿಕ್ಕರೆ ರಿಂಗ್ ಕೆಳಗೆ ನಿಲ್ಲಿಸೋದು ಎಲ್ಲ ಕಡೆ ನಡೆಯುತ್ತೆ. ಅಂತರ ಶಾಲಾ ಪಂದ್ಯ ಗೆಲ್ಲೋಕೆ ಅದು ಅತಿ ಸುಲಭದ ದಾರಿ. ಚೆಂಡು ಮೇಲೆ ಎಸೆಯಿರಿ, ಅವನು ಹಿಡಿದು ಹಾಕುತ್ತಾನೆ, ಟ್ರೋಫಿ ಬರುತ್ತೆ. ತೊಂದರೆ ನಾಲ್ಕು ವರ್ಷ ಕಳೆದ ಮೇಲೆ ಗೊತ್ತಾಗುತ್ತೆ. 13ಕ್ಕೆ 6 ಅಡಿ ಇದ್ದವನು 17ಕ್ಕೆ 6 ಅಡಿ 2 ಇಂಚಿಗೆ ನಿಂತುಬಿಡಬಹುದು. ಬೇಗ ಬೆಳೆದ ಮಕ್ಕಳು ಬೇಗ ನಿಲ್ಲೋದು ಸಾಮಾನ್ಯ. ಆಗ ರಿಂಗ್ ಕೆಳಗೆ ನಿಲ್ಲೋಕೆ ಅವನಿಗಿಂತ ಉದ್ದದವರು ಬಂದಿರುತ್ತಾರೆ. ಇವನಿಗೆ ಡ್ರಿಬಲ್ (ಚೆಂಡು ಪುಟಿಸುತ್ತಾ ಓಡೋದು) ಬರಲ್ಲ, ದೂರದ ಶಾಟ್ ಬರಲ್ಲ, ಪಾಸ್ ಕೊಡೋಕೆ ಕಣ್ಣು ಪಳಗಿರಲ್ಲ. ಇಂಥ ಹುಡುಗರು ಕಾಲೇಜು ಮಟ್ಟಕ್ಕೆ ಬರುವಷ್ಟರಲ್ಲಿ ಆಟ ಬಿಟ್ಟಿರೋದನ್ನು ನೋಡಿದಾಗ ನನಗೆ ನಿಜವಾಗಿ ಸಂಕಟ ಆಗುತ್ತೆ. ತಪ್ಪು ಅವರದಲ್ಲ.

ವಿಕ್ಟರ್ ಸಣ್ಣ ಗಾತ್ರದ ಆಟಗಾರರ ಕೆಲಸಗಳನ್ನೆಲ್ಲ ಕಲಿತ. ಚೆಂಡು ತರೋದು, ಮುಂದೆ ನಿಂತವನನ್ನು ಡ್ರಿಬಲ್‌ನಲ್ಲಿ ದಾಟೋದು, ಒಂದು ಕಾಲ ಮೇಲೆ ಹಾರಿ ಶಾಟ್ ಹಾಕೋದು, ಮೂರು ಪಾಯಿಂಟ್ ಗೆರೆಯ ಹೊರಗಿಂದ ಎಸೆಯೋದು. ಈಗ ಅವನು ಎನ್‌ಬಿಎಯಲ್ಲಿ ಮಾಡೋ ಆಶ್ಚರ್ಯದ ಕೆಲಸಗಳ ಬೇರು ಅಲ್ಲಿದೆ. 2022ರ ಅಕ್ಟೋಬರ್‌ನಲ್ಲಿ ಲಾಸ್ ವೇಗಸ್ ಹತ್ತಿರದ ಹೆಂಡರ್ಸನ್‌ನಲ್ಲಿ ಎರಡು ಪ್ರದರ್ಶನ ಪಂದ್ಯ ನಡೆದವು. ಅಮೆರಿಕದವರು ಅವನನ್ನು ಕಣ್ಣಾರೆ ಕಂಡಿದ್ದು ಅಲ್ಲಿ. ಮೊದಲ ಪಂದ್ಯದಲ್ಲಿ 37 ಪಾಯಿಂಟ್. ಅದರಲ್ಲಿ ಏಳು ಶಾಟ್ ಮೂರು ಪಾಯಿಂಟ್ ಗೆರೆಯ ಆಚೆಯಿಂದ. ಜೊತೆಗೆ ಐದು ಬ್ಲಾಕ್, ಅಂದರೆ ಎದುರಾಳಿಯ ಶಾಟ್ ಗಾಳಿಯಲ್ಲೇ ತಡೆದದ್ದು. ಎರಡನೇ ಪಂದ್ಯದಲ್ಲಿ 36. ಎನ್‌ಬಿಎಯ ದೊಡ್ಡ ತಾರೆ ಲೆಬ್ರಾನ್ ಜೇಮ್ಸ್ ಅವನನ್ನು ಅನ್ಯಗ್ರಹದ ಜೀವಿ ಅಂತ ಕರೆದಿದ್ದು ಆ ವಾರ. ರಿಂಗ್ ಕೆಳಗೆ ಕೈ ಎತ್ತಿ ನಿಂತವನನ್ನು ಯಾರೂ ಹಾಗೆ ಕರೆಯಲ್ಲ.

ಆದರೆ ಆ ಪಂದ್ಯಗಳಿಗೆ ಬರೋ ಮುಂಚಿನ ಮೂರು ವರ್ಷ ಸುಲಭದ್ದಾಗಿರಲಿಲ್ಲ. 2019ರ ಅಕ್ಟೋಬರ್‌ನಲ್ಲಿ, 15ನೇ ವಯಸ್ಸಿಗೆ, ನಾಂತೇರ್ ಹಿರಿಯರ ತಂಡದ ಪರ, ಯೂರೋಪಿನ ಕ್ಲಬ್ಬುಗಳ ಟೂರ್ನಿ ಯೂರೋಕಪ್‌ನಲ್ಲಿ ಕೋರ್ಟಿಗೆ ಇಳಿದ. ಮುಂದಿನ ವರ್ಷ ಕಾಲಿನ ಮೂಳೆಯಲ್ಲಿ ಬಿರುಕು ಬಂದು ತಿಂಗಳುಗಟ್ಟಲೆ ಹೊರಗೆ ಕೂತ. ಪೆಟ್ಟು ಬಿದ್ದು ಮುರಿಯೋದಕ್ಕೂ ಇಂಥ ಬಿರುಕಿಗೂ ವ್ಯತ್ಯಾಸ ಇದೆ. ವೇಗವಾಗಿ ಬೆಳೆಯೋ ಮೂಳೆಯ ಮೇಲೆ ದಿನವೂ ಓಟ, ಜಿಗಿತದ ಭಾರ ಬೀಳ್ತಾ ಬೀಳ್ತಾ ಬರೋ ತೊಂದರೆ ಇದು. 2021ರಲ್ಲಿ ಲಾತ್ವಿಯಾದಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ನಡೆಯಿತು. ಫೈನಲ್‌ನಲ್ಲಿ ಫ್ರಾನ್ಸ್ ಅಮೆರಿಕಕ್ಕೆ 83-81ರಲ್ಲಿ ಸೋತಿತು. ವಿಕ್ಟರ್‌ದು 22 ಪಾಯಿಂಟ್, 8 ಬ್ಲಾಕ್. ಆದರೆ ಐದು ಫೌಲ್ ಆಗಿ ಕೊನೆಯ ನಿಮಿಷಗಳನ್ನು ಬೆಂಚಿನಿಂದ ನೋಡಬೇಕಾಯ್ತು.

ಆ ವರ್ಷ ದೊಡ್ಡ ಕ್ಲಬ್ಬಿಗೆ ಹೋದ. ಎನ್‌ಬಿಎಯಲ್ಲಿ ಹೆಸರು ಮಾಡಿದ್ದ ಫ್ರಾನ್ಸಿನ ಟೋನಿ ಪಾರ್ಕರ್ ಅಧ್ಯಕ್ಷರಾಗಿದ್ದ ಆಸ್ವೆಲ್. ಯೂರೋಪಿನ ಅತಿ ಕಠಿಣ ಲೀಗ್ ಆಡೋ ತಂಡ. ಬೆರಳು ಮುರಿಯಿತು, ಭುಜದ ಮೂಳೆಗೆ ಪೆಟ್ಟಾಯಿತು, ಸೀಸನ್ ಕೊನೆಗೆ ಸೊಂಟದ ಒಳಭಾಗದ ಸ್ನಾಯು ಕೈಕೊಟ್ಟಿತು. ತಂಡ ಫ್ರೆಂಚ್ ಲೀಗ್ ಗೆದ್ದಿತು, ಆದರೆ ಅವನಿಗೆ ಸಿಕ್ಕ ಆಟ ಕಡಿಮೆ. ಆಮೇಲೆ ಅವನು ಮಾಡಿದ ಆಯ್ಕೆ ನನ್ನ ಪ್ರಕಾರ ಇಡೀ ಬದುಕಿನ ಅತಿ ಜಾಣ ನಿರ್ಧಾರ. ದೊಡ್ಡ ಕ್ಲಬ್ ಬಿಟ್ಟು ಪ್ಯಾರಿಸ್ ಪಕ್ಕದ ಮೆಟ್ರೊಪಾಲಿಟನ್ಸ್ 92 ಎಂಬ ಚಿಕ್ಕ ತಂಡಕ್ಕೆ ಬಂದ. ಅಲ್ಲಿ ಪಂದ್ಯಗಳು ಕಡಿಮೆ, ತರಬೇತಿಗೆ ಸಮಯ ಜಾಸ್ತಿ. ಆಗ ಫ್ರಾನ್ಸ್ ರಾಷ್ಟ್ರೀಯ ತಂಡದ ಕೋಚ್ ಆಗಿದ್ದ ವಿನ್ಸೆಂಟ್ ಕಾಲೆ ಅವರೇ ಅಲ್ಲಿನ ಕೋಚ್. ಹೆಸರು, ಹೊಳಪು ಹುಡುಕುವವರು ಕೆಳಗೆ ಇಳಿದ ಅನ್ನಬಹುದು. ಅವನು ಹುಡುಕಿದ್ದು ದೇಹ ಕಟ್ಟಿಕೊಳ್ಳೋಕೆ ಸಮಯ, ಕೋರ್ಟಿನಲ್ಲಿ ಹೆಚ್ಚು ನಿಮಿಷ. ಎರಡೂ ಸಿಕ್ಕವು. 2022-23ರಲ್ಲಿ ಪಂದ್ಯಕ್ಕೆ ಸರಾಸರಿ 21.6 ಪಾಯಿಂಟ್, 10.4 ರಿಬೌಂಡ್ (ಗುರಿ ತಪ್ಪಿ ವಾಪಸ್ ಬಂದ ಚೆಂಡು ಹಿಡಿಯೋದು). ಫ್ರೆಂಚ್ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದವರಲ್ಲಿ ಅತಿ ಕಿರಿಯ. ತಂಡ ಫೈನಲ್ ತನಕ ಹೋಗಿ ಮೊನಾಕೊಗೆ ಸೋತಿತು.

ಆ ದಿನಗಳ ಅವನ ತಾಲೀಮಿನ ವಿಡಿಯೊಗಳನ್ನು ನಿಮ್ಮ ಮಗ ನೋಡಿರಬಹುದು. ಇಲ್ಲದಿದ್ದರೆ ತೋರಿಸಿ. ಬರಿಗಾಲಲ್ಲಿ ನಿಂತು ಕಾಲ್ಬೆರಳುಗಳಿಗೆ ವ್ಯಾಯಾಮ, ಹಿಮ್ಮಡಿಗೆ, ಕಣಕಾಲಿಗೆ, ಸೊಂಟಕ್ಕೆ ನಿಧಾನದ ವ್ಯಾಯಾಮ. ನೋಡೋಕೆ ಏನೂ ರೋಮಾಂಚನ ಇಲ್ಲ. ಏಳಡಿ ದಾಟಿದ ಎಷ್ಟೋ ಆಟಗಾರರ ಬದುಕು ಪಾದ, ಮೊಣಕಾಲಿನ ಗಾಯದಲ್ಲೇ ಮುಗಿದುಹೋಗಿದೆ. ಅದನ್ನು ಬಲ್ಲವರು ಅವನ ಜೊತೆ ಇದ್ದರು. ಹಾಗಾಗಿ ಪಾದದಿಂದ ಶುರು ಮಾಡಿದರು. ನಮ್ಮಲ್ಲಿ 13ರ ಹುಡುಗರನ್ನು ಸಿಮೆಂಟ್ ಕೋರ್ಟಿನಲ್ಲಿ ಸವೆದ ಶೂ ಹಾಕಿಸಿ ಗಂಟೆಗಟ್ಟಲೆ ಜಿಗಿಸೋದನ್ನು ನೋಡಿದರೆ ಕೂಗಿ ನಿಲ್ಲಿಸಬೇಕು ಅನ್ನಿಸುತ್ತೆ.

2023ರ ಮೇ ತಿಂಗಳ ಲಾಟರಿಯಲ್ಲಿ ಮೊದಲ ಆಯ್ಕೆಯ ಅವಕಾಶ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡಕ್ಕೆ ಬಂತು. ಎನ್‌ಬಿಎಯಲ್ಲಿ ಹೊಸ ಹುಡುಗರನ್ನು ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ. ಅದೇ ಡ್ರಾಫ್ಟ್. ಹಿಂದಿನ ವರ್ಷ ಹೆಚ್ಚು ಸೋತ ತಂಡಗಳಿಗೆ ಮೊದಲ ಸರದಿ ಸಿಗೋ ಸಾಧ್ಯತೆ ಹೆಚ್ಚು. ಜೂನ್ 22ರಂದು ಬ್ರೂಕ್ಲಿನ್‌ನಲ್ಲಿ ಅವನ ಹೆಸರು ಮೊದಲು ಕೂಗಿದರು. ಇದೇ ತಂಡ ಮೊದಲ ಆಯ್ಕೆಯಾಗಿ 1987ರಲ್ಲಿ ಡೇವಿಡ್ ರಾಬಿನ್ಸನ್ ಅವರನ್ನೂ 1997ರಲ್ಲಿ ಟಿಮ್ ಡಂಕನ್ ಅವರನ್ನೂ ಪಡೆದಿತ್ತು. ಇಬ್ಬರೂ ದೊಡ್ಡ ದೇಹದವರು, ಇಬ್ಬರೂ ತಂಡಕ್ಕೆ ಕಪ್ ತಂದವರು. ಆಗ ಕೋಚ್ ಗ್ರೆಗ್ ಪೊಪೊವಿಚ್. ಆ ಬೇಸಿಗೆಯಲ್ಲಿ ಫ್ರಾನ್ಸ್ ಪರ ವಿಶ್ವಕಪ್ ಆಡೋ ಅವಕಾಶ ಇತ್ತು. ವಿಕ್ಟರ್ ಬೇಡ ಅಂದ. ಎನ್‌ಬಿಎಯ 82 ಪಂದ್ಯಗಳ ಸೀಸನ್‌ಗೆ ದೇಹ ಸಿದ್ಧ ಮಾಡಿಕೊಳ್ಳಬೇಕು ಅನ್ನೋದು ಅವನ ಕಾರಣ. 19 ವರ್ಷದ ಹುಡುಗ ದೇಶದ ಜರ್ಸಿಗೆ ಹಾಗೆ ಹೇಳೋಕೆ ಧೈರ್ಯ ಬೇಕು.

ಮೊದಲ ವರ್ಷ ಅವನ ಲೆಕ್ಕ ನೋಡಿದರೆ ಬೆರಗು, ತಂಡದ ಲೆಕ್ಕ ನೋಡಿದರೆ ಬೇಜಾರು. ಅವನಿಗೆ ಸರಾಸರಿ 21.4 ಪಾಯಿಂಟ್, 10.6 ರಿಬೌಂಡ್. ಬ್ಲಾಕ್ 3.6, ಅದು ಇಡೀ ಲೀಗ್‌ನಲ್ಲೇ ಅತಿ ಹೆಚ್ಚು. 2024ರ ಫೆಬ್ರವರಿಯಲ್ಲಿ ಲೇಕರ್ಸ್ ತಂಡದ ಎದುರು ಒಂದೇ ಪಂದ್ಯದಲ್ಲಿ 27 ಪಾಯಿಂಟ್, 10 ರಿಬೌಂಡ್, 8 ಅಸಿಸ್ಟ್ (ಜೊತೆಗಾರನ ಪಾಯಿಂಟ್‌ಗೆ ದಾರಿ ಮಾಡಿದ ಪಾಸ್), 5 ಸ್ಟೀಲ್ (ಎದುರಾಳಿಯಿಂದ ಕಿತ್ತ ಚೆಂಡು), 5 ಬ್ಲಾಕ್. ವರ್ಷದ ಹೊಸ ಆಟಗಾರ ಪ್ರಶಸ್ತಿಗೆ ಮತ ಹಾಕಿದವರೆಲ್ಲ ಅವನನ್ನೇ ಮೊದಲ ಸ್ಥಾನಕ್ಕೆ ಬರೆದರು. ಲೀಗ್‌ನ ಅತ್ಯುತ್ತಮ ರಕ್ಷಣಾ ಆಟಗಾರರ ಮೊದಲ ಐವರ ಪಟ್ಟಿಗೆ ಮೊದಲ ವರ್ಷವೇ ಸೇರಿದವರು ಅವನಿಗಿಂತ ಮುಂಚೆ ಯಾರೂ ಇರಲಿಲ್ಲ. ತಂಡ? 22 ಗೆಲುವು, 60 ಸೋಲು. ಅವನು ಬರೋ ಹಿಂದಿನ ವರ್ಷವೂ ಸರಿಯಾಗಿ 22-60. ನಡುವೆ ಒಮ್ಮೆ ಸತತ 18 ಪಂದ್ಯ ಸೋತರು.

ಆ ಸೋಲುಗಳ ನಡುವೆ ಕೋಚ್ ಏನು ಮಾಡಿದರು ಅನ್ನೋದು ನಿಮ್ಮ ಮಗನ ಕೋಚ್‌ಗೂ ಗೊತ್ತಿರಬೇಕಾದ ವಿಷಯ. ಮೊದಲ ಕೆಲವು ವಾರ ಅವನನ್ನು ಸೆಂಟರ್ ಜಾಗದಲ್ಲಿ, ಅಂದರೆ ರಿಂಗ್ ಹತ್ತಿರ, ಆಡಿಸಲಿಲ್ಲ. ದಪ್ಪ ದೇಹದವರ ಜೊತೆ ದಿನವೂ ಗುದ್ದಾಡಿ ಸವೆಯಬಾರದು ಅಂತ ಇನ್ನೊಬ್ಬರನ್ನು ಅಲ್ಲಿ ನಿಲ್ಲಿಸಿದರು. ಡಿಸೆಂಬರ್‌ನಲ್ಲಿ ಅವನನ್ನು ಸೆಂಟರ್ ಜಾಗಕ್ಕೆ ತಂದರು. ಆಟ ಅರಳಿತು. ಆದರೂ ಪಂದ್ಯಕ್ಕೆ ಸರಾಸರಿ 30 ನಿಮಿಷ ದಾಟಿಸಲಿಲ್ಲ. 2024ರ ಜನವರಿಯಲ್ಲಿ ಡೆಟ್ರಾಯಿಟ್ ಎದುರು ಬರೀ 21 ನಿಮಿಷ ಆಡಿ ಟ್ರಿಪಲ್ ಡಬಲ್ ಮಾಡಿದ. ಪಾಯಿಂಟ್, ರಿಬೌಂಡ್, ಅಸಿಸ್ಟ್ ಮೂರೂ ಎರಡಂಕಿ. ಬೇರೆ ತಂಡದವರಾದರೆ ಇನ್ನೂ ಹತ್ತು ನಿಮಿಷ ಆಡಿಸಿ ದಾಖಲೆ ಹುಡುಕುತ್ತಿದ್ದರೇನೋ.

ಆ ಬೇಸಿಗೆಯಲ್ಲಿ ಪ್ಯಾರಿಸ್ ಒಲಿಂಪಿಕ್ಸ್. ತವರು ಊರು. ಫೈನಲ್‌ನಲ್ಲಿ ಅಮೆರಿಕಕ್ಕೆ 98-87ರಲ್ಲಿ ಸೋತು ಬೆಳ್ಳಿ. ವಿಕ್ಟರ್ 26 ಪಾಯಿಂಟ್ ಮಾಡಿದ, ಮುಗಿದ ಮೇಲೆ ಅತ್ತ. ಎರಡನೇ ಸೀಸನ್‌ನಲ್ಲಿ ವಾಷಿಂಗ್ಟನ್ ಎದುರು 50, ಕ್ರಿಸ್ಮಸ್ ದಿನ ನ್ಯೂಯಾರ್ಕ್‌ನಲ್ಲಿ 42 ಪಾಯಿಂಟ್, 18 ರಿಬೌಂಡ್. ಆ ಪ್ರವಾಸದಲ್ಲೇ ನ್ಯೂಯಾರ್ಕ್‌ನ ವಾಷಿಂಗ್ಟನ್ ಸ್ಕ್ವೇರ್ ಪಾರ್ಕಿಗೆ ಹೋಗಿ, ಅಲ್ಲಿ ಸೇರಿದ ಅಪರಿಚಿತರ ಜೊತೆ ಚೆಸ್ ಆಡಿದ. ಪುಸ್ತಕ ಓದೋದು, ಚೆಸ್ ಆಡೋದು ಅವನಿಗೆ ತೋರಿಕೆಯಲ್ಲ. ಶಾಲೆ ಬಿಡಿಸಬೇಕಾ ಅಂತ ಕೇಳಿದ್ದೀರಲ್ಲ, ಅದಕ್ಕೇ ಇದನ್ನು ಹೇಳಿದೆ.

ಆಮೇಲೆ ಯಾರೂ ಊಹಿಸದ್ದು ಆಯಿತು. 2025ರ ಫೆಬ್ರವರಿಯಲ್ಲಿ ಮೊದಲ ಸಲ ಆಲ್-ಸ್ಟಾರ್ ಪಂದ್ಯ, ಅಂದರೆ ಲೀಗ್‌ನ ತಾರೆಯರಷ್ಟೇ ಆಡೋ ಪಂದ್ಯ, ಆಡಿದ. ಕೆಲವೇ ದಿನಗಳಲ್ಲಿ ಬಲ ಭುಜದ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರೋದು ಗೊತ್ತಾಯ್ತು. ಅಂಥ ಹೆಪ್ಪು ಒಡೆದು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ರಕ್ತ ತೆಳುವಾಗಿಸೋ ಔಷಧಿ ತಗೊಳ್ಳುವಾಗ ಮೈಗೆ ಮೈ ತಾಗೋ ಆಟ ಆಡೋ ಹಾಗಿಲ್ಲ, ಒಳಗೆ ರಕ್ತಸ್ರಾವ ಆಗಬಹುದು. ಮಯಾಮಿಯ ಕ್ರಿಸ್ ಬಾಷ್ ಅವರಂಥ ದೊಡ್ಡ ಆಟಗಾರರ ಆಟ ಈ ತೊಂದರೆಯಿಂದಲೇ 2016ರಲ್ಲಿ ನಿಂತುಹೋಗಿತ್ತು. ಸ್ಪರ್ಸ್ ಅವನ ಸೀಸನ್ ಅಲ್ಲಿಗೇ ಮುಗಿಸಿದರು. 46 ಪಂದ್ಯ ಮಾತ್ರ ಆಡಿದ್ದ. ಲೀಗ್‌ನ ದೊಡ್ಡ ಪ್ರಶಸ್ತಿಗಳಿಗೆ ಕನಿಷ್ಠ 65 ಪಂದ್ಯ ಬೇಕು. ಬ್ಲಾಕ್‌ನಲ್ಲಿ ಸರಾಸರಿ 3.8ರೊಂದಿಗೆ ಎಲ್ಲರಿಗಿಂತ ಮುಂದಿದ್ದರೂ ಅತ್ಯುತ್ತಮ ರಕ್ಷಣಾ ಆಟಗಾರ ಪ್ರಶಸ್ತಿ ಕೈತಪ್ಪಿತು. ಕೋಚ್ ಪೊಪೊವಿಚ್ ಅವರಿಗೂ ಹಿಂದಿನ ನವೆಂಬರ್‌ನಲ್ಲಿ ಪಾರ್ಶ್ವವಾಯು ಆಗಿತ್ತು. ಮೇ ತಿಂಗಳಲ್ಲಿ ಅವರು ಕೋಚ್ ಹುದ್ದೆ ಬಿಟ್ಟರು. ಮಿಚ್ ಜಾನ್ಸನ್ ಆ ಜಾಗಕ್ಕೆ ಬಂದರು.

21 ವರ್ಷದವನಿಗೆ ಇದೆಲ್ಲ ಒಟ್ಟಿಗೆ ಬಂತು. ಆ ಬೇಸಿಗೆ ಅವನು ಚೀನಾದ ಹೆನಾನ್ ಪ್ರಾಂತ್ಯದ ಶಾವೊಲಿನ್ ದೇಗುಲಕ್ಕೆ ಹೋದ. ತಲೆ ಬೋಳಿಸಿಕೊಂಡು ಸನ್ಯಾಸಿಗಳ ಜೊತೆ ಕುಂಗ್ ಫು ಅಭ್ಯಾಸ ಮಾಡಿದ. ಅಮೆರಿಕದಲ್ಲಿ ಹಕೀಮ್ ಒಲಾಜುವಾನ್, ಕೆವಿನ್ ಗಾರ್ನೆಟ್ ಅವರಂಥ ಹಳಬರ ಹತ್ತಿರ ಪಾಠ ಹೇಳಿಸಿಕೊಂಡ. ಜುಲೈನಲ್ಲಿ ವೈದ್ಯರು ಆಡಬಹುದು ಅಂದರು. ಅಕ್ಟೋಬರ್ 22ರಂದು ಡಲ್ಲಾಸ್ ಎದುರು ಮೊದಲ ಪಂದ್ಯದಲ್ಲೇ 40 ಪಾಯಿಂಟ್, 15 ರಿಬೌಂಡ್. ತಂಡ ಮೊದಲ ಐದೂ ಪಂದ್ಯ ಗೆದ್ದಿತು. ಸ್ಪರ್ಸ್ ಇತಿಹಾಸದಲ್ಲೇ ಹಾಗೆ ಆರಂಭ ಆಗಿರಲಿಲ್ಲ. ನವೆಂಬರ್‌ನಲ್ಲಿ ಮೀನಖಂಡದ ಸ್ನಾಯು ನೋವಿಗೆ 12 ಪಂದ್ಯ ಹೊರಗೆ ಕೂತ. ಡಿಸೆಂಬರ್‌ನಲ್ಲಿ ವಾಪಸ್ ಬಂದ ದಿನ ಅವನನ್ನು ಶುರುವಿನಿಂದ ಆಡಿಸದೆ, ಆಮೇಲೆ ಬೆಂಚಿನಿಂದ ಕೋರ್ಟಿಗೆ ಕಳಿಸಿದರು. ಒಕ್ಲಹೋಮ ಸಿಟಿ ಎದುರು 22 ಪಾಯಿಂಟ್ ಮಾಡಿ 111-109ರಲ್ಲಿ ಗೆಲ್ಲಿಸಿದ. ಅದು ಸೀಸನ್ ನಡುವೆ ನಡೆಯೋ ಎನ್‌ಬಿಎ ಕಪ್ ಟೂರ್ನಿಯ ಸೆಮಿಫೈನಲ್. ಅಂಥ ಪಂದ್ಯದಲ್ಲೂ ಅವನ ನಿಮಿಷಗಳನ್ನು ಎಣಿಸಿಯೇ ಕೊಟ್ಟರು, ನೋಡಿ.

ಭಾರತದ ಒಂದು ಉದಾಹರಣೆಯನ್ನೂ ಹೇಳಬೇಕು. ಪಂಜಾಬಿನ ಬಲ್ಲೊ ಕೆ ಹಳ್ಳಿಯ ಸತ್ನಾಮ್ ಸಿಂಗ್ 7 ಅಡಿ 2 ಇಂಚು. 14ನೇ ವಯಸ್ಸಿಗೆ ಫ್ಲೋರಿಡಾದ ದೊಡ್ಡ ಅಕಾಡೆಮಿಗೆ ಹೋದರು. 2015ರಲ್ಲಿ ಡಲ್ಲಾಸ್ ತಂಡ ಅವರನ್ನು 52ನೇ ಆಯ್ಕೆಯಾಗಿ ಪಡೆಯಿತು. ಡ್ರಾಫ್ಟ್ ಆದ ಮೊದಲ ಭಾರತೀಯ ಅವರು. ಅದು ಚಿಕ್ಕ ಸಾಧನೆಯಲ್ಲ. ಆದರೆ ಎನ್‌ಬಿಎಯ ಒಂದು ಲೀಗ್ ಪಂದ್ಯವನ್ನೂ ಆಡಲಾಗಲಿಲ್ಲ. ಎತ್ತರವೂ ಇತ್ತು, ದೊಡ್ಡ ಅಕಾಡೆಮಿಯೂ ಇತ್ತು. ವಿಕ್ಟರ್‌ಗೆ ಹತ್ತನೇ ವಯಸ್ಸಿನಿಂದ ಸಿಕ್ಕ ಪಂದ್ಯಗಳು, ತರಬೇತಿ, ಕ್ಲಬ್ಬುಗಳ ಸಾಲು ನಮ್ಮ ಹಳ್ಳಿಯ ಹುಡುಗನಿಗೆ ಎಲ್ಲಿಂದ ಬರಬೇಕು?

ಈಗ ನೀವು ಮಾಡಬಹುದಾದದ್ದು. ಶಾಲೆ ಬಿಡಿಸಬೇಡಿ. ಹೊರಗೆ ಕಳಿಸಲೇಬೇಕು ಅನ್ನಿಸಿದರೆ, ಓದು ಮತ್ತು ಆಟ ಎರಡೂ ಒಟ್ಟಿಗೆ ನಡೆಯುವ ಕ್ರೀಡಾ ಇಲಾಖೆಯ ವಸತಿ ನಿಲಯಗಳ ಆಯ್ಕೆಯ ಬಗ್ಗೆ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಕೋಚ್ ಜೊತೆ ಜಗಳ ಬೇಡ. ಒಂದೇ ಮಾತು ಕೇಳಿ: ಪಂದ್ಯದಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸಿ ಸರ್, ಅಭ್ಯಾಸದಲ್ಲಿ ಮಾತ್ರ ಸಣ್ಣ ಹುಡುಗರ ಜೊತೆ ಡ್ರಿಬಲ್, ಪಾಸಿಂಗ್ ಮಾಡಿಸ್ತೀರಾ? ಹೆಚ್ಚಿನ ಕೋಚ್‌ಗಳು ಒಪ್ಪುತ್ತಾರೆ. ಮೊಣಕಾಲ ಚಿಪ್ಪಿನ ಕೆಳಗಿನ ಉಬ್ಬಿನಲ್ಲಿ ನೋವು ಅಂದರೆ "ಬೆಳೆಯೋ ವಯಸ್ಸು, ಸರಿಹೋಗುತ್ತೆ" ಅಂತ ಆಡಿಸುತ್ತಾ ಹೋಗಬೇಡಿ, ಜಿಗಿತ ಕಡಿಮೆ ಮಾಡಿಸಿ, ಮೂಳೆ ವೈದ್ಯರಿಗೆ ತೋರಿಸಿ. ಇನ್ನೊಂದು ಮುಖ್ಯ. ಮನೆಯವರೆಲ್ಲರಿಗಿಂತ ತುಂಬಾ ಉದ್ದ ಬೆಳೆದು, ಕೈಕಾಲು, ಬೆರಳು ಅತಿ ನೀಳವಾಗಿದ್ದರೆ ಒಮ್ಮೆ ಹೃದಯದ ಎಕೋ ಮತ್ತು ಕಣ್ಣಿನ ಪರೀಕ್ಷೆ ಮಾಡಿಸಿ. ಮಾರ್ಫನ್ ಸಿಂಡ್ರೋಮ್ ಅನ್ನೋ ಹುಟ್ಟು ತೊಂದರೆ ಇದ್ದರೆ ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ ದುರ್ಬಲ ಇರುತ್ತೆ. ಅಮೆರಿಕದ ಐಸಯಾ ಆಸ್ಟಿನ್ ಎಂಬ 7 ಅಡಿಯ ಹುಡುಗನಿಗೆ ಇದು ಗೊತ್ತಾಗಿದ್ದು 2014ರ ಡ್ರಾಫ್ಟ್‌ಗೆ ಕೆಲವೇ ದಿನ ಮುಂಚೆ. ಇದು ಅಪರೂಪ, ಹೆದರಬೇಡಿ. ಆದರೆ ಒಂದು ಸಲ ನೋಡಿಸಿಬಿಟ್ಟರೆ ನಿಮಗೂ ನೆಮ್ಮದಿ.

ಸ್ಯಾನ್ ಆಂಟೋನಿಯೊದ ಸಂಜೆ 7ರ ಪಂದ್ಯ ಚಳಿಗಾಲದಲ್ಲಿ ನಮಗೆ ಬೆಳಗ್ಗೆ 6:30ಕ್ಕೆ ಶುರು. ಶಾಲೆಗೆ ಹೊರಡೋ ಮುಂಚೆ ಅವನು ಅರ್ಧ ಪಂದ್ಯವಾದರೂ ನೋಡುತ್ತಿರಬೇಕು, ಅಲ್ವಾ? ನೋಡಲಿ. ಆದರೆ ಒಂದು ಕೆಲಸ ಕೊಡಿ. ವಿಕ್ಟರ್ ಮಾಡಿದ ಬ್ಲಾಕ್ ಎಷ್ಟು ಅಂತ ಲೆಕ್ಕ ಇಡೋದು ಬೇಡ. ಎದುರಾಳಿ ಚೆಂಡು ಹಿಡಿದು ರಿಂಗ್ ಕಡೆ ನುಗ್ಗಿ, ಇವನನ್ನು ಕಂಡು, ಶಾಟ್ ಹಾಕದೆ ತಿರುಗಿ ಹೋಗಿದ್ದು ಎಷ್ಟು ಸಲ ಅಂತ ಒಂದು ನೋಟ್‌ಬುಕ್ಕಿನಲ್ಲಿ ಗೀಟು ಹಾಕಲಿ. ಪ್ರತಿ ಸಲವೂ ಆಗ ವಿಕ್ಟರ್ ಕಾಲು ಎಲ್ಲಿತ್ತು ಅಂತ ಪಕ್ಕದಲ್ಲಿ ಬರೆಯಲಿ. ಒಂದು ತಿಂಗಳಾದ ಮೇಲೆ ಆ ನೋಟ್‌ಬುಕ್ಕನ್ನು ಅವನ ಕೋಚ್‌ಗೆ ತೋರಿಸೋಕೆ ಹೇಳಿ.